ಬಿಸಿಲಿಲ್ಲದೆ ಮಾರೋ ಓತಿಕ್ಯಾತ

ಇಲ್ಲಿನ ಪೆಟ್ ಶಾಪುಗಳಲ್ಲಿ ಪ್ರಾಣಿಗಳ ಗಾಜಿನ ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ. ಅಮೆರಿಕದಲ್ಲಿರೋರು ನೋಡಿರ್ತೀರಿ. ‘ಬಿಗಿನರ್’ ಅಂತ. ಅಂದ್ರೆ ಯಾವತ್ತೂ ಏನೂ ಸಾಕದೇ ಇರೋರೂ ಧೈರ್ಯವಾಗಿ ತಗೊಂಡು ಹೋಗಬಹುದು ಅಂತ ಅರ್ಥ. ನನಗೆ ಅಧಿಕಾರ ಇದ್ದಿದ್ರೆ ಬಿಯರ್ಡೆಡ್ ಡ್ರ್ಯಾಗನ್ ಇರೋ ಪೆಟ್ಟಿಗೆಗಳಿಂದ ಆ ಚೀಟೀನ ಇವತ್ತೇ ಕಿತ್ತು ಹಾಕಿಸ್ತಿದ್ದೆ. ಅಧಿಕಾರ ಇಲ್ಲ, ಬ್ಲಾಗ್ ಇದೆ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರಾನೂ ಆಗುತ್ತೆ, ಸಹಿಸ್ಕೊಳ್ಳಿ.

ಬಿಯರ್ಡೆಡ್ ಡ್ರ್ಯಾಗನ್ ಅಂದ್ರೆ ಏನು ಅಂತ ಗೊತ್ತಿಲ್ಲದೋರಿಗೆ: ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಓತಿಕ್ಯಾತ. ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಸಿಟ್ಟು ಬಂದ್ರೆ, ಹೆದರಿದ್ರೆ, ಗಂಟಲ ಚರ್ಮಾನ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತೆ, ಅದೇ ಗಡ್ಡ. ಬೆಳೆದದ್ದು ಬಾಲ ಸೇರಿ ಒಂದೂವರೆಯಿಂದ ಎರಡು ಅಡಿ. ನಮ್ಮ ಬೇಲಿ ಮೇಲೆ ತಲೆ ಕುಣಿಸ್ತಾ ಕೂರುತ್ತಲ್ಲ ಓತಿಕ್ಯಾತ, ಅದೂ ಇದೂ ಒಂದೇ ಕುಟುಂಬ, ಅಗಾಮಿಡೇ ಅಂತ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಎಲ್ಲರೂ ಬೆನ್ನು ಹತ್ತಿ ಹೋಗೋ ಹಾರುವ ಓತಿ ಕೂಡ ಇದೇ ಕುಟುಂಬದ್ದೇ. ಹಾಗಾಗಿ ಕನ್ನಡಿಗರಿಗೆ ಇದು ದೂರದ ಸಂಬಂಧ ಅಂತೇನೂ ಅಲ್ಲ :) ಆಸ್ಟ್ರೇಲಿಯಾದವರು ತಮ್ಮ ಕಾಡುಪ್ರಾಣಿಗಳನ್ನ ಜೀವಂತವಾಗಿ ಹೊರದೇಶಕ್ಕೆ ಮಾರೋದನ್ನ ದಶಕಗಳ ಹಿಂದೆಯೇ ನಿಲ್ಲಿಸಿದಾರೆ. ಇಲ್ಲಿ ಅಂಗಡೀಲಿ ಸಿಗೋವೆಲ್ಲ ಇಲ್ಲೇ ಪೆಟ್ಟಿಗೆಯಲ್ಲಿ ಹುಟ್ಟಿ, ಪೆಟ್ಟಿಗೆಯಲ್ಲೇ ಬೆಳೆದವು.

ನಮ್ಮ ಮನೆಗೆ ಬಂದದ್ದರ ಹೆಸರು ಗುಂಡ. ನಮ್ಮದಲ್ಲ. ಇಲ್ಲೇ ಮಿಶಿಗನ್ನಿನಲ್ಲಿ ನಮಗೆ ಎರಡು ಬೀದಿ ಆಚೆ ಇರೋ ದಾವಣಗೆರೆ ಕಡೆಯ ಕುಟುಂಬದ್ದು. ಅವರು ಎರಡು ತಿಂಗಳು ಊರಿಗೆ ಹೋಗೋರಿದ್ದರು, ಒಂಬತ್ತು ವರ್ಷದ ಮಗ ಅದನ್ನ ಟ್ಯಾಂಕಿನ ಸಮೇತ ನಮ್ಮನೇಲಿ ಬಿಟ್ಟ. “ಆಂಟಿ, ಇವನು ತುಂಬಾ ಸೋಮಾರಿ, ಓಡೋದೇ ಇಲ್ಲ” ಅಂದ. ಮುಂಗಾಲುಗಳು ದಪ್ಪ ದಪ್ಪ ಇದ್ದವು. ಒಳ್ಳೆ ಪೈಲ್ವಾನನ ಹಾಗಿದಾನೆ ಅಂತ ಅವನಪ್ಪ ನಕ್ಕರು. ನಾನು ಕೈಗೆತ್ತಿಕೊಂಡಾಗ ಗುಂಡನ ಬೆರಳುಗಳು ತಂತಾನೇ ಅದುರ್ತಾ ಇದ್ದವು, ಕೆಳದವಡೆ ಒಂದು ಕಡೆಗೆ ವಾಲಿತ್ತು. ಇದು ಸೋಮಾರಿತನ ಅಲ್ಲ ಅಂತ ಅಷ್ಟು ಹೊತ್ತಿಗೇ ಗೊತ್ತಾಯ್ತು. ಅವರು ವಿಮಾನ ಹತ್ತೋ ಮುಂಚೆಯೇ ಫೋನಿನಲ್ಲಿ ಒಪ್ಪಿಗೆ ತಗೊಂಡು ಸರೀಸೃಪ ನೋಡೋ ವೆಟ್ ಹತ್ತಿರ ಹೋದೆ.

ಎಕ್ಸ್-ರೇ ನೋಡಿದ್ದು ನಾನು ಮರೆಯಲ್ಲ. ಮೂಳೆ ಅಂದ್ರೆ ಬೆಳ್ಳಗೆ ಕಾಣಬೇಕು ತಾನೇ. ಗುಂಡನ ಕಾಲಿನ ಮೂಳೆಗಳು ಸುತ್ತಲಿನ ಮಾಂಸದಿಂದ ಬೇರೆ ಅಂತ ಗುರುತಿಸೋಕೇ ಕಷ್ಟ, ಹೊಗೆ ಥರ. ಎಡ ಹಿಂಗಾಲಲ್ಲಿ ಹಳೆಯ ಮುರಿತ. ಆ ವೆಟ್ ದವಡೆಯನ್ನ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ತೋರಿಸಿದರು, ರಬ್ಬರ್ ಹಾಗೆ ಬಾಗ್ತು. ಮೆಟಬಾಲಿಕ್ ಬೋನ್ ಡಿಸೀಸ್. ಮನುಷ್ಯರ ಮಕ್ಕಳಿಗೆ ರಿಕೆಟ್ಸ್ ಬರುತ್ತಲ್ಲ, ಅದರ ಅಣ್ಣ ಅಂದ್ಕೊಳ್ಳಿ.

ಈ ಕಾಯಿಲೆ ಹೇಗಾಗುತ್ತೆ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ನನ್ನ ಜಗಳ ಇರೋದೇ ಅಲ್ಲಿ. ಓತಿಯ ಚರ್ಮದಲ್ಲಿ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತು ಇರುತ್ತೆ. ಬಿಸಿಲಿನಲ್ಲಿರೋ ಯುವಿಬಿ, ಅಂದ್ರೆ ಸುಮಾರು 290ರಿಂದ 315 ನ್ಯಾನೋಮೀಟರಿನ ನೇರಳಾತೀತ ಕಿರಣ ಅದರ ಮೇಲೆ ಬಿದ್ದಾಗ, ಜೊತೆಗೆ ಮೈಯೂ ಬೆಚ್ಚಗಿದ್ದಾಗ, ಅದು ವಿಟಮಿನ್ ಡಿ3 ಆಗುತ್ತೆ. ಆಮೇಲೆ ಲಿವರಿನಲ್ಲಿ ಒಂದು ಸಲ, ಕಿಡ್ನಿಯಲ್ಲಿ ಒಂದು ಸಲ ಬದಲಾಗಿ, ಕರುಳಿಗೆ ಹೋಗಿ “ಕ್ಯಾಲ್ಸಿಯಂ ಒಳಗೆ ಬಿಟ್ಕೋ” ಅನ್ನುತ್ತೆ. ಈ ಕಿರಣವೇ ಇಲ್ಲ ಅಂದ್ರೆ ನೀವು ಬಟ್ಟಲುಗಟ್ಟಲೆ ಕ್ಯಾಲ್ಸಿಯಂ ಪುಡಿ ತಿನ್ನಿಸಿದ್ರೂ ಬಹುಪಾಲು ಹಿಂದಿನ ಬಾಗಿಲಿಂದ ಹೊರಗೆ. ಆದ್ರೆ ಹೃದಯ ಬಡೀಬೇಕು, ಸ್ನಾಯು ಆಡಬೇಕು, ಅದಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇ ಬೇಕು. ದೇಹ ಏನು ಮಾಡುತ್ತೆ? ಮೂಳೆಯಿಂದ ಕೀಳುತ್ತೆ. ಮನೆಯ ತೊಲೆ ಕಡಿದು ಒಲೆಗೆ ಹಾಕಿದ ಹಾಗೆ. ಖಾಲಿಯಾದ ಮೂಳೆ ಜಾಗದಲ್ಲಿ ನಾರು ತುಂಬಿಕೊಳ್ಳುತ್ತೆ, ಕಾಲು ದಪ್ಪಗಾಗುತ್ತೆ. ಪೈಲ್ವಾನನ ತೋಳು ಅಂತ ಎಲ್ಲರೂ ಖುಷಿಪಟ್ಟಿದ್ದು ಅದು.

ಇದೆಲ್ಲ ಆಗೋದಕ್ಕೆ ಆ ಮನೆಯವರ ಅಸಡ್ಡೆ ಕಾರಣ ಅಂತ ದಯವಿಟ್ಟು ಅಂದ್ಕೋಬೇಡಿ. ಅಂಗಡಿಯವನು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೋರು ಅವರು. ‘ಸ್ಟಾರ್ಟರ್ ಕಿಟ್’ ಅಂತ ಒಂದು ಡಬ್ಬ ಕೊಟ್ಟಿದ್ದ. ಅದರಲ್ಲಿ ಎರಡೂವರೆ ಅಡಿ ಉದ್ದ, ಒಂದಡಿ ಅಗಲದ 20 ಗ್ಯಾಲನ್ ಟ್ಯಾಂಕು, ಒಂದು ಚೀಲ ಮರಳು, ಗಾಜಿಗೆ ಅಂಟಿಸೋ ದುಂಡಗಿನ ಥರ್ಮಾಮೀಟರು, ರಾತ್ರಿಗೆ ಅಂತ ಕೆಂಪು ಬಲ್ಬು, ಮತ್ತೆ ಸುರುಳಿ ಸುತ್ತಿದ ಒಂದು ಚಿಕ್ಕ ಯುವಿಬಿ ಬಲ್ಬು. “ಎಲ್ಲಾ ಇದರಲ್ಲೇ ಇದೆ, ಇನ್ನೇನೂ ಬೇಡ” ಅಂದಿದ್ದನಂತೆ. ಆ ಸುರುಳಿ ಬಲ್ಬನ್ನ ಟ್ಯಾಂಕಿನ ಮುಚ್ಚಳದ ಸಣ್ಣ ಕಣ್ಣಿನ ಜಾಲರಿ ಮೇಲೆ ಇಡಬೇಕು. ಜಾಲರಿಯೇ ಕಿರಣದಲ್ಲಿ ದೊಡ್ಡ ಪಾಲು ನುಂಗುತ್ತೆ, ಉಳಿದದ್ದು ಬಲ್ಬಿನ ಕೆಳಗೆ ಅಂಗೈಯಗಲದ ಜಾಗಕ್ಕೆ ಬೀಳುತ್ತೆ. ಗುಂಡ ಆ ಅಂಗೈಯಗಲದಲ್ಲಿ ಕೂರ್ತಾ ಇರಲಿಲ್ಲ, ಯಾಕಂದ್ರೆ ಶಾಖದ ಬಲ್ಬು ಇದ್ದದ್ದು ಇನ್ನೊಂದು ತುದೀಲಿ. ಸರಿಯಿದ್ದಿದ್ದರೆ ಇವೆರಡೂ ಒಂದೇ ಕಡೆ ಬೀಳಬೇಕು, ಸೂರ್ಯ ಒಬ್ಬನೇ ತಾನೇ. ಬಲ್ಬು ಕೊಂಡು ಎರಡು ವರ್ಷ ಆಗಿತ್ತು. ಯುವಿಬಿ ದೀಪಗಳ ದೊಡ್ಡ ಮೋಸ ಏನಂದ್ರೆ ಕಣ್ಣಿಗೆ ಕಾಣೋ ಬೆಳಕು ಹಾಗೇ ಇರುತ್ತೆ, ಕಾಣದ ಕಿರಣ ಮಾತ್ರ ತಿಂಗಳು ತಿಂಗಳಿಗೂ ಇಳೀತಾ ಹೋಗುತ್ತೆ. ದೀಪ ಉರೀತಾ ಇದೆ ಅಂತ ಮನೆಯವರು ನೆಮ್ಮದಿಯಾಗಿರ್ತಾರೆ.

“ಕಿಟಕಿ ಪಕ್ಕಾನೇ ಇಟ್ಟಿದ್ವಿ ಅಕ್ಕಾ, ದಿನಾ ಬಿಸಿಲು ಬೀಳ್ತಿತ್ತು” ಅಂತ ಆ ತಾಯಿ ದಾವಣಗೆರೆಯಿಂದ ಫೋನಿನಲ್ಲಿ ಅತ್ತರು. ಏನು ಹೇಳೋದು? ಕಿಟಕಿ ಗಾಜು ಯುವಿಬಿಯನ್ನ ಹೆಚ್ಚೂಕಮ್ಮಿ ಪೂರ್ತಿ ತಡೆಯುತ್ತೆ. ಶಾಖ ಬರುತ್ತೆ, ಬೆಳಕು ಬರುತ್ತೆ, ಬೇಕಾದದ್ದು ಬರಲ್ಲ. ಇಷ್ಟನ್ನ ಒಂದು ಸಾಲಲ್ಲಿ ಆ ಡಬ್ಬದ ಮೇಲೆ ಅಚ್ಚು ಹಾಕೋಕೆ ಆ ಕಂಪನಿಗೆ ಎಷ್ಟು ಖರ್ಚಾಗ್ತಿತ್ತು?

ಈಗ ನನ್ನ ಜೊತೆ ವಾದ ಮಾಡಿದ ಮಹಾನುಭಾವರ ವಿಷಯಕ್ಕೆ ಬರ್ತೀನಿ. ಯುಗಾದಿ ಊಟದಲ್ಲಿ ಈ ಕಥೆ ಹೇಳಿದಾಗ ಒಬ್ಬರು ಅಂದ್ರು, “ನಮ್ಮೂರ ಬೇಲಿ ಮೇಲೆ ಓತಿಕ್ಯಾತಕ್ಕೆ ಯಾವ ಟ್ಯೂಬ್‌ಲೈಟ್ ಹಾಕ್ತಿದ್ರು? ತಾನೇ ಬದುಕಲ್ವಾ? ಇದೆಲ್ಲಾ ಅಮೆರಿಕದ ಚೈನಿ.” ಎಲ್ಲರೂ ನಕ್ಕರು. ಸ್ವಾಮಿ, ನಿಮ್ಮೂರ ಬೇಲಿ ಇರೋದು ಬಳ್ಳಾರಿ ಬಿಸಿಲಲ್ಲಿ! ಆ ಓತಿ ಬೆಳಿಗ್ಗೆ ಬೇಲಿ ತುದಿಗೆ ಬಂದು ಮೈ ಕಾಯಿಸಿಕೊಂಡು, ಸಾಕು ಅನ್ನಿಸಿದಾಗ ನೆರಳಿಗೆ ಇಳಿದು, ತನಗೆ ಬೇಕಾದ ಬಿಸಿಲು ತಾನೇ ಅಳೆದು ತಗೊಳ್ಳುತ್ತೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತ ಗಾದೆ ಮಾಡಿದೋರು ಅದು ದಿನಾ ಎಲ್ಲಿ ಕೂರುತ್ತೆ ಅಂತ ಕಣ್ಣಾರೆ ನೋಡಿದೋರೇ ಇರಬೇಕು. ಇಲ್ಲಿ ಮಿಶಿಗನ್ನಿನಲ್ಲಿ ನವೆಂಬರಿನಿಂದ ಮಾರ್ಚಿನ ತನಕ ನಮ್ಮ ಡಾಕ್ಟರು ನಮಗೇ ಡಿ ಮಾತ್ರೆ ಬರೀತಾರೆ. ಅಂಥಾ ಕಡೆ ಮರುಭೂಮಿಯ ಪ್ರಾಣಿಯನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದು ತಾನೇ ಬದುಕಲಿ ಅಂದ್ರೆ ಹೇಗೆ? ಬೇಲಿ ಕಿತ್ತುಕೊಂಡವರೇ ಬೇಲಿ ಕಟ್ಟಿಕೊಡಬೇಕು. ನಾನು ಕೇಳ್ತಿರೋದು ಚೈನಿ ಅಲ್ಲ, ಬಿಸಿಲು.

“ಪುಡೀಲೇ ಡಿ3 ಇರುತ್ತಲ್ಲಾ, ದೀಪ ಯಾಕೆ” ಅನ್ನೋದು ಇನ್ನೊಂದು ವಾದ, ಇದು ಅಂಗಡಿಯವರದ್ದು. ಬೆಳೆಯೋ ಬಿಯರ್ಡೆಡ್ ಡ್ರ್ಯಾಗನ್ ಮರಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟ ಆಗಿದೆ. ಬಾಯಿಂದ ಡಿ3 ಕೊಟ್ಟ ಮರಿಗಳಿಗಿಂತ ಯುವಿಬಿ ಸಿಕ್ಕ ಮರಿಗಳ ರಕ್ತದಲ್ಲಿ ಡಿ ಅಂಶ ಎಷ್ಟೋ ಪಾಲು ಹೆಚ್ಚಿತ್ತು. ಪುಡಿ ಜಾಸ್ತಿ ಹಾಕಿಬಿಟ್ರೆ ಆಯ್ತಲ್ಲ ಅನ್ನೋ ಹಾಗೂ ಇಲ್ಲ. ಕೊಬ್ಬಿನಲ್ಲಿ ಕರಗೋ ವಿಟಮಿನ್ ಅದು, ಅತಿಯಾದ್ರೆ ಹೊರಗೆ ಹೋಗದೆ ರಕ್ತನಾಳ, ಕಿಡ್ನಿಗಳಲ್ಲಿ ಸುಣ್ಣ ಕಟ್ಟುತ್ತೆ. ಚರ್ಮದಲ್ಲಿ ಬಿಸಿಲಿಂದ ಆಗೋ ಡಿಗೆ ಮಾತ್ರ ದೇಹವೇ ಮಿತಿ ಹಾಕಿಕೊಂಡಿದೆ.

ಮೂರನೇ ವಾದ ಕೇಳಿದಾಗ ನನಗೆ ಊಟ ಸೇರಲಿಲ್ಲ. ವೆಟ್ ಬಿಲ್ಲು ಪರೀಕ್ಷೆ, ಎಕ್ಸ್-ರೇ, ರಕ್ತ ಎಲ್ಲಾ ಸೇರಿ ನಾನೂರು ಡಾಲರ್ ದಾಟಿತ್ತು. “ಅರವತ್ತು ಡಾಲರ್ ಓತಿಗೆ ನಾನೂರು ಡಾಲರ್ ಔಷಧಿನಾ? ಇನ್ನೊಂದು ತಗೊಂಡಿದ್ರೆ ಆಗ್ತಿತ್ತು.” ಹೌದು, ಆಗ್ತಿತ್ತು. ಅಂಗಡಿಯ ವ್ಯಾಪಾರ ನಿಂತಿರೋದೇ ಈ ಲೆಕ್ಕದ ಮೇಲೆ. ಹತ್ತು ವರ್ಷ ಬದುಕಬೇಕಾದ ಪ್ರಾಣಿ ಎರಡು ವರ್ಷಕ್ಕೆ ಸತ್ತರೆ ಅದೇ ಪೆಟ್ಟಿಗೆಗೆ ಇನ್ನೊಂದು, ಅದು ಸತ್ತರೆ ಮತ್ತೊಂದು. ಪೆಟ್ಟಿಗೆ, ಬಲ್ಬು, ಮರಳು ಎಲ್ಲ ಅದೇ, ಹಾಗಾಗಿ ಸಾವಿನ ಕಾರಣಾನೂ ಅದೇ. ಪ್ರಾಣಿಯನ್ನ ಅಗ್ಗವಾಗಿ ಮಾರಿ, ಅದು ಬದುಕೋಕೆ ಬೇಕಾದದ್ದನ್ನ ಮುಚ್ಚಿಡೋದು. ನಾನೂರು ಡಾಲರ್ ಆದದ್ದು ಔಷಧಿ ದುಬಾರಿ ಅಂತ ಅಲ್ಲ ರೀ, ನಲವತ್ತು-ಐವತ್ತು ಡಾಲರಿನ ಟ್ಯೂಬನ್ನ ಮೊದಲನೇ ದಿನ ಯಾರೂ ಕೊಡಲಿಲ್ಲ ಅಂತ. ಒಂಬತ್ತು ವರ್ಷದ ಹುಡುಗನ ಎದುರಿಗೆ “ಇನ್ನೊಂದು ತಗೊಳ್ಳೋಣ ಬಿಡು” ಅನ್ನೋ ಮಾತು ಹೇಗೆ ಕೇಳಿಸುತ್ತೆ ಅಂತಲೂ ಯೋಚಿಸಬೇಕಿತ್ತು. ಅವನು ದಿನಾ ರಾತ್ರಿ ವೀಡಿಯೋದಲ್ಲಿ ಗುಂಡನ್ನ ತೋರಿಸಿ ಅಂತ ಕೇಳ್ತಿದ್ದ, ಅಲ್ಲಿ ಆಗ ಬೆಳಗಿನ ತಿಂಡಿ ಹೊತ್ತು.

ಆ ಎರಡು ತಿಂಗಳು ಏನು ಮಾಡಿದೆ ಅಂತ ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬಂದೀತು. ಇದು ವೆಟ್ ಹೇಳಿ ಮಾಡಿಸಿದ್ದು, ನೀವು ಹೀಗೆ ಓದಿಕೊಂಡು ಔಷಧಿ ಶುರು ಮಾಡಬೇಡಿ. ಮೊದಲು ಮರಳೆಲ್ಲ ಎತ್ತಿ ಬಿಸಾಕಿ ಪೇಪರ್ ಟವಲ್ ಹಾಸಿದೆ. ಕಾಯಿಲೆ ಓತಿ ನಾಲಿಗೆ ಚಾಚಿದಾಗಲೆಲ್ಲ ಮರಳು ನುಂಗುತ್ತೆ, ಕರುಳು ಕಟ್ಟುತ್ತೆ. ಹತ್ತೋ ಕೊಂಬೆ ತೆಗೆದು ಅಗಲವಾದ ಒಂದು ಹಾಸುಗಲ್ಲು ಇಟ್ಟೆ, ಬಿದ್ರೆ ಇನ್ನೊಂದು ಮೂಳೆ ಹೋಗುತ್ತೆ ಅಂತ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ಹಳೇದೇ ಒಂದು ಸಿಕ್ತು. ದೊಡ್ಡದು ಬೇಕಾಗಿರೋದು ಶೋಕಿಗಲ್ಲ. ಒಂದು ತುದಿ ಬೆಂಕಿ, ಇನ್ನೊಂದು ತುದಿ ತಂಪು ಇರಬೇಕು. ಬಿಸಿಲು ಕಾಯೋ ಕಲ್ಲಿನ ಮೇಲೆ 38ರಿಂದ 42 ಡಿಗ್ರಿ ಸೆಲ್ಸಿಯಸ್, ಆಚೆ ತುದೀಲಿ 25ರ ಆಸುಪಾಸು. ಎರಡೂವರೆ ಅಡಿಯಲ್ಲಿ ಅದು ಆಗಲ್ಲ, ಇಡೀ ಪೆಟ್ಟಿಗೆ ಒಂದೋ ಒಲೆ ಆಗುತ್ತೆ, ಇಲ್ಲಾ ಒಂದೂ ಕಡೆ ಸಾಕಷ್ಟು ಕಾಯಲ್ಲ. ಗಾಜಿಗೆ ಅಂಟಿಸೋ ಥರ್ಮಾಮೀಟರ್ ಗಾಜಿನ ಬಿಸಿ ಹೇಳುತ್ತೆ ಅಷ್ಟೆ. ಇನ್‌ಫ್ರಾರೆಡ್ ಗನ್ ತಂದು ಕಲ್ಲನ್ನೇ ಅಳೆದೆ. ಮೇಲೆ, ಜಾಲರಿಯ ಒಳಗಡೆ, ಪೆಟ್ಟಿಗೆಯ ಮೂರರಲ್ಲಿ ಎರಡು ಪಾಲು ಉದ್ದದ ಟಿ5 ಯುವಿಬಿ ಟ್ಯೂಬು, ಹಿಂದೆ ರಿಫ್ಲೆಕ್ಟರು. ಕೆಂಪು ಬಲ್ಬನ್ನ ತೆಗೆದೇ ಹಾಕಿದೆ. ಈ ಓತಿಗಳ ನೆತ್ತಿ ಮೇಲೆ ಬೆಳಕು ಗುರುತಿಸೋ ಮೂರನೇ ಕಣ್ಣೊಂದು ಇದೆ (ನಿಜವಾಗ್ಲೂ, ಹತ್ತಿರದಿಂದ ನೋಡಿದ್ರೆ ಒಂದು ಸಣ್ಣ ಚುಕ್ಕೆ ಕಾಣುತ್ತೆ, ಶಿವನ ಕಡೆಯವು). ರಾತ್ರಿ ಅಂದ್ರೆ ಕತ್ತಲೆ ಇರಬೇಕು.

ದಿನಾ ಬೆಳಿಗ್ಗೆ ಮೊದಲು ಮೈ ಕಾಯಬೇಕು, ಆಮೇಲೆ ಊಟ. ತಣ್ಣಗಿರೋ ಓತಿಗೆ ತಿನ್ನಿಸಿದ್ದು ಜೀರ್ಣ ಆಗದೆ ಹೊಟ್ಟೇಲೇ ಕೊಳೆಯುತ್ತೆ. ಪಾಪ ತಿಂತಾನೇ ಇಲ್ಲ ಅಂತ ಬಾಯಿ ಬಿಡಿಸಿ ತುರುಕೋರು ಇದನ್ನ ನೆನಪಿಡಬೇಕು, ದವಡೆ ಬೇರೆ ಮೆತ್ತಗಿರುತ್ತೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಕ್ಯಾಲ್ಸಿಯಂ ದ್ರವ, ತುಟಿ ಅಂಚಿಗೆ ಹನಿ ಹನಿ, ಅದೇ ನೆಕ್ಕಿಕೊಳ್ಳೋ ತನಕ ಕಾಯೋದು. ಎತ್ತುವಾಗ ಅಂಗೈ ಪೂರ್ತಿ ಹೊಟ್ಟೆ ಕೆಳಗೆ. ವಾರಕ್ಕೊಂದು ಸಲ ತೂಕ, ಅಡಿಗೆ ಮನೆ ತಕ್ಕಡಿ ಬೇಡ, ಬೇರೇನೇ ಒಂದು ಇಡಿ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲಾ ಇರುತ್ತೆ, ಬಿಯರ್ಡೆಡ್ ಡ್ರ್ಯಾಗನ್ನುಗಳಿಂದ ಜನಕ್ಕೆ ಹರಡಿದ ಬಗ್ಗೆ ಇಲ್ಲಿನ ಸಿಡಿಸಿ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ಐದು ವರ್ಷದೊಳಗಿನ ಮಕ್ಕಳಿರೋ ಮನೆಗೆ ಇವು ಬೇಡವೇ ಬೇಡ ಅಂತಲೂ ಹೇಳುತ್ತೆ. ‘ಬಿಗಿನರ್’ ಚೀಟಿ ಪಕ್ಕ ಇದನ್ನ ಅಂಟಿಸಿದ್ದನ್ನ ನಾನು ನೋಡಿಲ್ಲ.

ಊಟದ ವಿಷಯದಲ್ಲಿ ನಮ್ಮ ಜನಕ್ಕೇ ಅಂತ ಒಂದು ಮಾತು. ಬೆಳೆದ ಓತಿಗೆ ಹುಳಕ್ಕಿಂತ ಸೊಪ್ಪು ಜಾಸ್ತಿ ಬೇಕು ಅಂತ ಕೇಳಿದ ತಕ್ಷಣ ಸಸ್ಯಾಹಾರಿ ಮನೆಯವರಿಗೆಲ್ಲ ಖುಷಿ ಆಗುತ್ತೆ, ಫ್ರಿಜ್ಜಿನಲ್ಲಿರೋ ಪಾಲಕ್ ಹಾಕಿಬಿಡ್ತಾರೆ. ಪಾಲಕ್‌ನಲ್ಲಿರೋ ಆಕ್ಸಲೇಟು ಕ್ಯಾಲ್ಸಿಯಂ ಅನ್ನ ಹಿಡಿದು ಕೂತುಬಿಡುತ್ತೆ, ದಿನನಿತ್ಯಕ್ಕೆ ಸಲ್ಲದು. ಸಾಸಿವೆ ಸೊಪ್ಪು, ಕೊಲಾರ್ಡ್, ಡ್ಯಾಂಡೆಲಿಯನ್ ಎಲೆ ಒಳ್ಳೇದು. ಹಾಗಂತ ಮರಿಗೆ ಬರೀ ಸೊಪ್ಪು ಹಾಕಿ ಬ್ರಾಹ್ಮಣ ಮಾಡೋಕೆ ಹೋಗಬೇಡಿ, ಅದಕ್ಕೆ ಹುಳವೇ ಮುಖ್ಯ ಊಟ. ಜೀರುಂಡೆಯಲ್ಲಿ ಕ್ಯಾಲ್ಸಿಯಂ ಕಮ್ಮಿ, ರಂಜಕ ಜಾಸ್ತಿ, ಪುಡಿ ಹಚ್ಚಿಯೇ ಕೊಡಬೇಕು. ಬೇಸಿಗೆ ರಾತ್ರಿ ಹಿತ್ತಲಲ್ಲಿ ಮಿಣುಕುಹುಳ ಹಿಡಿದು ಮಕ್ಕಳು ಆಸೆಯಿಂದ ತಂದು ಹಾಕ್ತಾರೆ. ಒಂದೇ ಒಂದು ಮಿಣುಕುಹುಳ ಸಾಕು, ದೊಡ್ಡ ಬಿಯರ್ಡೆಡ್ ಡ್ರ್ಯಾಗನ್ ಕೂಡ ಸಾಯುತ್ತೆ. ಅದರ ಮೈಯಲ್ಲಿರೋ ವಿಷ ಹೃದಯಕ್ಕೇ ಹೊಡೆಯುತ್ತೆ.

ಎರಡು ಮರಿ ಒಟ್ಟಿಗೆ ತಗೊಳ್ಳಿ, ಜೊತೆ ಆಗುತ್ತೆ ಅಂತ ಮಾರೋ ಇನ್ನೊಂದು ದಗಾ ಇದೆ. ಒಂದು ಕೈ ಎತ್ತಿ ಬೀಸುತ್ತೆ, ಮಕ್ಕಳು ‘ಹಾಯ್ ಹೇಳ್ತಿದೆ’ ಅಂತಾರೆ. ಅದು “ಅಣ್ಣಾ ತಪ್ಪಾಯ್ತು, ಹೊಡೀಬೇಡ” ಅಂತ ದೊಡ್ಡದಕ್ಕೆ ಶರಣಾಗ್ತಿರೋದು. ಒಂದು ಪೆಟ್ಟಿಗೆಗೆ ಒಂದೇ. ಬಿಸಿ ಕಲ್ಲು ಅಂತ ಕರೆಂಟಿನ ಕಲ್ಲು ಮಾರ್ತಾರೆ, ಹೊಟ್ಟೆ ಸುಡುತ್ತೆ, ಅದರ ಬಗ್ಗೆ ಇಷ್ಟೇ ಸಾಕು.

ಇಷ್ಟೆಲ್ಲಾ ಯಾರೂ ಕೇಳೋರಿಲ್ವಾ ಅಂತ ಕಾನೂನು ಹುಡುಕಿದೆ. ಅಮೆರಿಕದ ಫೆಡರಲ್ ಪ್ರಾಣಿ ಕಲ್ಯಾಣ ಕಾಯ್ದೆ 1966ರದ್ದು. ಅದರಲ್ಲಿ ‘ಪ್ರಾಣಿ’ ಅಂದ್ರೆ ಬಿಸಿರಕ್ತದ್ದು ಮಾತ್ರ! ಹಾವು, ಆಮೆ, ಓತಿ ಆ ಲೆಕ್ಕಕ್ಕೇ ಇಲ್ಲ. ಬಿಸಿಲಲ್ಲಿ ಮೈ ಕಾಯಿಸಿಕೊಂಡು ಕೂತ ಗುಂಡನ ರಕ್ತ ಹೆಚ್ಚೂಕಮ್ಮಿ ನನ್ನ ರಕ್ತದಷ್ಟೇ ಬಿಸಿ ಇರುತ್ತೆ, ಆದ್ರೂ ಅವನು ಪ್ರಾಣಿ ಅಲ್ಲ. ಇಂಗ್ಲೆಂಡಿನಲ್ಲಿ 2018ರ ನಿಯಮದ ಪ್ರಕಾರ ಮಾರೋನಿಗೆ ಲೈಸೆನ್ಸ್ ಬೇಕು, ಪ್ರಾಣಿಗೆ ಎಂಥ ಮನೆ, ಎಂಥ ಊಟ ಬೇಕು ಅಂತ ಕೊಳ್ಳೋರಿಗೆ ಹೇಳಿಯೇ ಕೊಡಬೇಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಮಾರೋ ಹಾಗೇ ಇಲ್ಲ. ಜರ್ಮನಿಯಲ್ಲೂ ಲಿಖಿತ ಮಾಹಿತಿ ಕೊಡೋದು ಕಡ್ಡಾಯ. ಅದರಿಂದ ಅಲ್ಲೆಲ್ಲ ಓತಿಗಳು ರಾಜಯೋಗದಲ್ಲಿವೆ ಅಂತ ನಾನೇನೂ ಹೇಳ್ತಿಲ್ಲ, ಆದ್ರೆ ಕೇಳೋಕೆ ಒಂದು ಕಾಗದವಾದ್ರೂ ಇದೆ.

“ಹಾಗಾದ್ರೆ ಸಾಕೋದೇ ಬೇಡ ಅನ್ನಿ” ಅಂತೀರಾ? ಅನ್ನಲ್ಲ. ಚೆನ್ನಾಗಿ ಸಾಕೋರನ್ನ ನೋಡಿದೀನಿ. ನಾಯಿಯಷ್ಟೇ ಮನುಷ್ಯರನ್ನ ಹಚ್ಚಿಕೊಳ್ಳುತ್ತೆ ಅಂತ ಬುರುಡೆ ಬಿಡಲ್ಲ, ಆದ್ರೆ ಬೆಳಿಗ್ಗೆ ದೀಪ ಹಾಕಿದಾಗ ಕಲ್ಲಿನ ಮೇಲೆ ಬಂದು ಚಪ್ಪಟೆಯಾಗಿ ಮೈ ಹರಡಿಕೊಂಡು ನಮ್ಮನ್ನೇ ಓರೆಗಣ್ಣಲ್ಲಿ ನೋಡೋ ಗತ್ತು ಇದೆಯಲ್ಲ, ಅದು ನೋಡೋ ಥರಾ ಇರುತ್ತೆ. ನಾನು ಕೇಳೋದು ಒಂದೇ. ಸರಿಯಾದ ಟ್ಯೂಬು, ಸರಿಯಾದ ಪೆಟ್ಟಿಗೆ ಇಲ್ಲದೋರಿಗೆ ಪ್ರಾಣಿ ಮಾರಬೇಡಿ. ಮೀನು ಮಾರೋರು ನೀರಿಲ್ಲದೆ ಮಾರ್ತಾರಾ? ಇದನ್ನೇ ಆ ಅಂಗಡಿಯ ಹೆಡ್ ಆಫೀಸಿಗೆ ಎಕ್ಸ್-ರೇ ಚಿತ್ರ ಸಮೇತ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ಮುಂದಿನ ಸರೀಸೃಪ ಖರೀದಿಗೆ ಈ ಕೂಪನ್ ಬಳಸಿ, ಹತ್ತು ಡಾಲರ್ ರಿಯಾಯಿತಿ.

ಗುಂಡ ಈಗ ಅವರ ಮನೇಲೇ ಇದಾನೆ, ನಾಲ್ಕಡಿ ಪೆಟ್ಟಿಗೆ ಸಮೇತ. ದವಡೆ ಸೊಟ್ಟ ಹಾಗೇ ಉಳೀತು, ಹಿಂಗಾಲು ಎಳೆದುಕೊಂಡೇ ನಡೀತಾನೆ, ಅದು ಇನ್ನು ಸರಿಹೋಗಲ್ಲ ಅಂತ ವೆಟ್ ಹೇಳಿದಾರೆ. ಅದುರೋದು ನಿಂತಿದೆ. ಹೋದ ವಾರ ಜೀರುಂಡೆ ಹಿಂದೆ ಓಡಿದನಂತೆ, ಹುಡುಗ ಫೋನ್ ಮಾಡಿ ಹೇಳಿದ.

ಈ ಗಲಾಟೆಯಲ್ಲಿ ಯುವಿ ಇಂಡೆಕ್ಸ್ ಅಳೆಯೋ ಮೀಟರ್ ಒಂದು ಕೊಂಡಿದೀನಿ. ಓತಿ ಬೆನ್ನಿನ ಎತ್ತರದಲ್ಲಿ ಹಿಡಿದ್ರೆ ಬಿಸಿಲು ಕಾಯೋ ಜಾಗದಲ್ಲಿ 4-5 ತೋರಿಸಬೇಕು. ಗುಂಡನ ಹಳೇ ಬಲ್ಬಿನ ಕೆಳಗೆ ಅದು ತೋರಿಸಿದ್ದು ಸೊನ್ನೆ. ಡೆಟ್ರಾಯಿಟ್ ಸುತ್ತಮುತ್ತ ಇರೋ ಕನ್ನಡದೋರು ಯಾರ ಮನೇಲಾದ್ರೂ ಓತಿ, ಆಮೆ ಇದ್ರೆ ಕಾಮೆಂಟಿನಲ್ಲಿ ತಿಳಿಸಿ, ಮೀಟರ್ ತಗೊಂಡು ನಾನೇ ಬರ್ತೀನಿ. ಕಾಫಿ ಕೊಟ್ರೆ ಸಾಕು.